ಜೊಜೊಬಾ ಟಿಪ್ಪಣಿ: ಗಂಡು ಗಿಡ ಯಾವುದು, ಹೆಣ್ಣು ಗಿಡ ಯಾವುದು?

ಜೊಜೊಬಾ ಸೊನೋರಾ ಮರುಭೂಮಿಯ ಪೊದೆ. ಅರಿಜೋನಾ, ಕ್ಯಾಲಿಫೋರ್ನಿಯಾ, ಮೆಕ್ಸಿಕೋದ ಒಣ ಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತದೆ. ವರ್ಷವಿಡೀ ಹಸಿರು. ತುಂಬಾ ಬಿಸಿಲು, ನೀರು ಬಸಿದು ಹೋಗುವ ಮರಳು ಮಣ್ಣು ಇದ್ದರೆ ಸಾಕು.

ನನಗೆ ತಲೆ ಕೆಡಿಸಿದ್ದು ಗಂಡು-ಹೆಣ್ಣಿನ ವಿಷಯ. ಇದನ್ನು ಬಿಡಿಸಿ ಬರೆಯುತ್ತೇನೆ.

ಗಂಡು ಹೂವು ಒಂದು ಗಿಡದಲ್ಲಿ, ಹೆಣ್ಣು ಹೂವು ಇನ್ನೊಂದರಲ್ಲಿ. ಬೀಜ ಬಿತ್ತಿದರೆ ಹೆಚ್ಚುಕಮ್ಮಿ ಅರ್ಧಕ್ಕರ್ಧ ಗಂಡು. ಎಲೆ ನೋಡಿ ಹೇಳೋಕೆ ಆಗಲ್ಲ, ಎತ್ತರ ನೋಡಿಯೂ ಆಗಲ್ಲ. ಹೂ ಬಿಡುವವರೆಗೆ, ಅಂದರೆ ಸುಮಾರು 3-4 ವರ್ಷ ಕಾಯಬೇಕು. ಅದಕ್ಕೇ ಬೀಜ ಒತ್ತೊತ್ತಾಗಿ ಹಾಕಿ, ಹೂ ಬಂದ ಮೇಲೆ ಹೆಚ್ಚಾದ ಗಂಡು ಗಿಡಗಳನ್ನು ತೆಗೆಯುತ್ತಾರೆ.

ಗಂಡು ಹೂವು ಗುರುತಿಸೋದು ಸುಲಭ. ಗೆಣ್ಣಿನಲ್ಲಿ ಹಳದಿ ಬಣ್ಣದ ಸಣ್ಣ ಗೊಂಚಲು. ಬೆರಳಿಂದ ತಟ್ಟಿದರೆ ಪುಡಿ ಉದುರುತ್ತದೆ. ಹೆಣ್ಣು ಹೂವೇ ಕಷ್ಟ. ಸಾಮಾನ್ಯವಾಗಿ ಒಂಟಿ, ತಿಳಿ ಹಸಿರು, ತಲೆ ಬಗ್ಗಿಸಿರುತ್ತದೆ, ದಳವೇ ಇಲ್ಲ. ಇನ್ನೂ ಮೊಗ್ಗು, ನಾಳೆ ಅರಳುತ್ತದೆ ಅನ್ನಿಸುತ್ತದೆ. ಆದರೆ ಅದು ಅರಳಿದ ಹೂವೇ! ತುದಿಯಿಂದ ಸಣ್ಣ ಎಳೆಗಳು ಹೊರಗೆ ಚಾಚಿವೆಯಾ ನೋಡಿ. ಚಾಚಿದ್ದರೆ ಪರಾಗಕ್ಕೆ ಸಿದ್ಧ ಅಂತ ಅರ್ಥ.

ಪರಾಗ ಒಯ್ಯುವುದು ಗಾಳಿ, ಜೇನಲ್ಲ. ಹಾಗಾಗಿ ಗಂಡು ಗಿಡ ಗಾಳಿ ಬೀಸಿ ಬರುವ ಕಡೆಗಿರಲಿ. ತೋಟದಲ್ಲಾದರೆ ಸುಮಾರು ಹತ್ತು ಹೆಣ್ಣಿಗೆ ಒಂದು ಗಂಡು ಸಾಕು.

ನನಗೆ ಹಿಡಿಸಿದ ದಾರಿ ಕಡ್ಡಿ ನೆಡುವುದು. ಹೆಣ್ಣು ಗಿಡದ ಕಡ್ಡಿ ಬೇರು ಬಿಟ್ಟರೆ ಹೆಣ್ಣೇ, ಅನುಮಾನವೇ ಇಲ್ಲ. ಕಾಯಿಯೂ ಬೇಗ ಬರುತ್ತದೆ.

ನೀರಿನ ಬಗ್ಗೆ ಒಂದೇ ಮಾತು: ಎಳೆ ಗಿಡಕ್ಕೆ ಬೇಕು, ಬೇರೂರಿದ ಮೇಲೆ ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವಷ್ಟು. ಸುಮ್ನೆ ದಿನಾ ಸುರಿದರೆ ಬೇರು ಕೊಳೆಯುತ್ತದೆ. ತಾಯಿ ಬೇರು ಬಹಳ ಆಳಕ್ಕೆ ಹೋಗುವುದರಿಂದ ದೊಡ್ಡ ಗಿಡವನ್ನು ಕಿತ್ತು ನೆಡುವ ಯೋಚನೆ ಬೇಡ. ಎಲೆಗಳು ನೆಟ್ಟಗೆ ನಿಂತಿದ್ದರೆ ಗಾಬರಿ ಬೀಳಬೇಡಿ. ಮಧ್ಯಾಹ್ನದ ಬಿಸಿಲು ಎಲೆಯ ಅಂಚಿಗಷ್ಟೇ ತಾಗಲಿ ಅಂತ ಅದು ಹಾಗೇ ಬೆಳೆಯುತ್ತದೆ.

ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಅದಕ್ಕೇ ಅಂದಕ್ಕೆಂದು ಪದೇ ಪದೇ ತುದಿ ಕತ್ತರಿಸಿದರೆ ಕಾಯಿ ಕಡಿಮೆ. ಗಟ್ಟಿ ಹಿಮ ಬಿದ್ದರೂ ಹೂ ಹಾಳು. ಬಲಿತ ಬೀಜ ಕಂದು ಬಣ್ಣಕ್ಕೆ ತಿರುಗಿ ತಾನಾಗಿ ಉದುರುತ್ತದೆ. ತೂಕದಲ್ಲಿ ಸುಮಾರು ಅರ್ಧ ದ್ರವರೂಪದ ಮೇಣವೇ. ಗಿಡದ ಬುಡವನ್ನು ಮೊದಲೇ ಗುಡಿಸಿಟ್ಟರೆ ಆರಿಸೋದು ಸುಲಭ.