ಮಲ್ಟಿಮೀಟರ್‌ನಲ್ಲಿ ಸರಿ ಇರುವ ಕೆಪಾಸಿಟರ್ ಸ್ಕೋಪ್‌ನಲ್ಲಿ ಸಿಕ್ಕಿಬೀಳುವುದು ಹೇಗೆ?

ಪ್ರಶ್ನೆ: ನಮ್ಮ ಸೆಟ್ ಟಾಪ್ ಬಾಕ್ಸ್ ಆನ್ ಆಗುತ್ತಿಲ್ಲ, ಕೆಂಪು ದೀಪ ಮಿಣುಕುತ್ತದೆ ಅಷ್ಟೇ. ಪವರ್ ಸಪ್ಲೈನಲ್ಲಿದ್ದ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಬಿಚ್ಚಿ ಮಲ್ಟಿಮೀಟರ್‌ಗೆ ಹಾಕಿದರೆ 930 ತೋರಿಸಿತು. ಹಾಗಾದರೆ ಅದು ಸರಿ ಇದೆ ಅಲ್ವಾ? ಆಸಿಲೋಸ್ಕೋಪ್‌ನಿಂದ ಇನ್ನೇನಾದರೂ ತಿಳಿಯುತ್ತದೆಯೇ?

ಉತ್ತರ: 930 ಎಂಬ ಅಂಕಿಯನ್ನು ಮಾತ್ರ ನಂಬಿ ಅದನ್ನು ವಾಪಸ್ ಹಾಕಬೇಡಿ. ಇಂಥ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗಿನ ದ್ರವ ಬಿಸಿಗೆ ನಿಧಾನವಾಗಿ ಒಣಗುತ್ತದೆ. ಆಗ ಅದರೊಳಗೇ ಒಂದು ರೆಸಿಸ್ಟರ್ ಸೇರಿಸಿದ ಹಾಗೆ ತಡೆ ಬೆಳೆಯುತ್ತದೆ. ರಿಪೇರಿಯವರು ಇದನ್ನೇ ಇಎಸ್‌ಆರ್ ಅನ್ನುವುದು. ಮಲ್ಟಿಮೀಟರ್ ನಿಧಾನವಾಗಿ ಅಳೆಯುತ್ತದೆ, ಒಂದೆರಡು ಓಮ್ ತಡೆ ಅದರ ಗಮನಕ್ಕೇ ಬರುವುದಿಲ್ಲ. ಆದರೆ ನಿಮ್ಮ ಬಾಕ್ಸ್‌ನ ಸಪ್ಲೈ ಸೆಕೆಂಡಿಗೆ ಹತ್ತಾರು ಸಾವಿರ ಸಲ ಸ್ವಿಚ್ ಆಗುತ್ತದೆ. ಅಲ್ಲಿ ಆ ಒಂದೆರಡು ಓಮ್ ಸಾಕು, ಬಾಕ್ಸ್ ಎದ್ದೇಳುವುದಿಲ್ಲ.

ಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ಅಲೆಯಾಗಿ ತೋರಿಸುವ ಆಸಿಲೋಸ್ಕೋಪ್) ಜೊತೆಗೆ 50 ಓಮ್ ಔಟ್‌ಪುಟ್ ಇರುವ ಫಂಕ್ಷನ್ ಜನರೇಟರ್, ಅಂದರೆ ಬೇಕಾದ ಅಲೆಯನ್ನು ಹುಟ್ಟಿಸುವ ಉಪಕರಣ ಬೇಕು. ಅದರ ಔಟ್‌ಪುಟ್‌ನ ಎರಡು ತುದಿಯನ್ನು ಸ್ಕೋಪ್‌ಗೆ ಸೇರಿಸಿ 100 ಕಿಲೋಹರ್ಟ್ಸ್ ಸ್ಕ್ವೇರ್ ವೇವ್ (ಚೌಕಾಕಾರದ ಅಲೆ) ಕೊಡಿ. ಕೆಪಾಸಿಟರ್ ಇನ್ನೂ ಜೋಡಿಸದೆ ಸ್ಕೋಪ್ ಪರದೆಯಲ್ಲೇ ನೋಡಿ, ಮೇಲಿನಿಂದ ಕೆಳಗೆ 200 ಮಿಲಿವೋಲ್ಟ್ ಇಡಿ. ಜನರೇಟರ್ ಮೇಲಿನ ಅಂಕಿಯನ್ನು ನೆಚ್ಚಿಕೊಳ್ಳಬೇಡಿ, ಎಷ್ಟೋ ಜನರೇಟರ್‌ಗಳು 50 ಓಮ್ ಲೋಡ್ ಇದೆ ಅಂದುಕೊಂಡು ಅರ್ಧ ತೋರಿಸುತ್ತವೆ. ಈಗ ಅದೇ ಎರಡು ತುದಿಗೆ ಕೆಪಾಸಿಟರ್ ಜೋಡಿಸಿ.

ಒಳ್ಳೆಯ ಕೆಪಾಸಿಟರ್ ಆದರೆ ಅಲೆ ಕುಸಿದು ಹೆಚ್ಚುಕಡಿಮೆ ಗೆರೆಯಾಗುತ್ತದೆ. ಆ ವೇಗದಲ್ಲಿ 1000 ಮೈಕ್ರೋಫ್ಯಾರಡ್ ಶಾರ್ಟ್ ಇದ್ದ ಹಾಗೆಯೇ. ಸ್ಕ್ವೇರ್ ವೇವ್ ಇನ್ನೂ ಕಾಣುತ್ತಿದ್ದರೆ ಅದು ಇಎಸ್‌ಆರ್. ಸುಮಾರು 4 ಮಿಲಿವೋಲ್ಟ್ ಅಂದರೆ 1 ಓಮ್, 33 ಅಂದರೆ 10 ಓಮ್. ಅಲೆಯ ಅಂಚಿನಲ್ಲಿ ಚೂಪಾದ ಮುಳ್ಳುಗಳು ಬಂದರೆ ಅದು ವೈರ್‌ನ ಇಂಡಕ್ಟೆನ್ಸ್, ಅಂದರೆ ಕರೆಂಟ್ ಥಟ್ಟನೆ ಬದಲಾಗುವುದಕ್ಕೆ ವೈರ್ ಒಡ್ಡುವ ವಿರೋಧ. ವೈರ್ ಗಿಡ್ಡ ಮಾಡಿ, ಮುಳ್ಳು ಬಿಟ್ಟು ಸಪಾಟು ಭಾಗದ ಎತ್ತರ ಮಾತ್ರ ನೋಡಿ. ಸಪ್ಲೈನಲ್ಲಿ ಹಾಕುವ ಹೊಸ 1000 ಮೈಕ್ರೋಫ್ಯಾರಡ್‌ಗೆ ಒಂದು ಓಮ್‌ನ ಹತ್ತನೇ ಒಂದು ಭಾಗವೂ ಇರುವುದಿಲ್ಲ. 10 ಮೈಕ್ರೋಫ್ಯಾರಡ್‌ನ ಚಿಕ್ಕದಕ್ಕೆ ಒಂದೆರಡು ಓಮ್ ಸಹಜ. ಹಾಗಾಗಿ ಅಷ್ಟೇ ಮೈಕ್ರೋಫ್ಯಾರಡ್‌ನ ಹೊಸದೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಯಾವ ಪಟ್ಟಿಗಿಂತಲೂ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

200 ಮಿಲಿವೋಲ್ಟ್‌ಗೆ ಸಿಲಿಕಾನ್ ಡಯೋಡ್, ಟ್ರಾನ್ಸಿಸ್ಟರ್‌ಗಳು ಎಚ್ಚರಗೊಳ್ಳುವುದಿಲ್ಲ. ಆದ್ದರಿಂದ ಬೆಸುಗೆ ಬಿಚ್ಚದೆ ಬೋರ್ಡ್ ಮೇಲೆಯೇ ನೋಡಬಹುದು. ಆದರೆ ಒಂದೇ ಲೈನಿನಲ್ಲಿ ಎರಡು ಮೂರು ಕೆಪಾಸಿಟರ್ ಇದ್ದರೆ ಒಳ್ಳೆಯದೊಂದು ಕೆಟ್ಟದ್ದನ್ನೂ ಮುಚ್ಚಿಬಿಡುತ್ತದೆ. ಅನುಮಾನ ಇದ್ದರೆ ಒಂದು ಕಾಲು ಎತ್ತಿ ನೋಡಲೇಬೇಕು.

ಬೋರ್ಡ್ ಮುಟ್ಟುವ ಮೊದಲು ಪ್ಲಗ್ ತೆಗೆಯಿರಿ. ನಮ್ಮ 230 ವೋಲ್ಟ್ ಡಿಸಿ ಆದಾಗ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ನಿಂತಿರುತ್ತದೆ, ಪ್ಲಗ್ ತೆಗೆದ ಮೇಲೂ ಉಳಿಯಬಹುದು. 2.2 ಕಿಲೋಓಮ್, 10 ವ್ಯಾಟ್ ರೆಸಿಸ್ಟರ್‌ನಿಂದ ಕೆಲವು ಸೆಕೆಂಡ್ ಇಳಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಚಾಳಿ ಬೇಡವೇ ಬೇಡ.

ಸಪ್ಲೈ ಆನ್ ಇಟ್ಟು ರಿಪಲ್ (ಡಿಸಿ ಮೇಲೆ ಉಳಿದಿರುವ ಏರಿಳಿತ) ನೋಡುವ ಆಸೆಯಾದರೆ ಔಟ್‌ಪುಟ್ ಕಡೆ ಮಾತ್ರ ನೋಡಿ. ಸ್ಕೋಪ್‌ನ ಗ್ರೌಂಡ್ ಕ್ಲಿಪ್ ಮನೆಯ ಅರ್ತ್‌ಗೆ ಸೇರಿರುತ್ತದೆ. ಅದನ್ನು ಮೇನ್ಸ್ ಭಾಗಕ್ಕೆ ಸಿಕ್ಕಿಸಿದರೆ ಸ್ಫೋಟವೇ. ಅದಕ್ಕೆಂದು ಸ್ಕೋಪ್‌ನ ಅರ್ತ್ ಪಿನ್ ಕೀಳುವುದು ಪ್ರಾಣಕ್ಕೇ ಕುತ್ತು. ಡಿಸಿ ಬಿಟ್ಟು ಏರಿಳಿತ ಮಾತ್ರ ತೋರಿಸುವ ಸ್ಕೋಪ್‌ನ ಎಸಿ ಕಪ್ಲಿಂಗ್‌ನಲ್ಲಿ 100 ಹರ್ಟ್ಸ್ ಏರಿಳಿತ ಕಂಡರೆ ಮೇನ್ಸ್ ಕಡೆಯ ದೊಡ್ಡ ಕೆಪಾಸಿಟರ್ ಮೇಲೆ, ಹತ್ತಾರು ಕಿಲೋಹರ್ಟ್ಸ್‌ನ ಚುಚ್ಚುಮುಳ್ಳು ಕಂಡರೆ ಔಟ್‌ಪುಟ್ ಕೆಪಾಸಿಟರ್ ಮೇಲೆ ಅನುಮಾನ ಪಡಿ.

ಹೊಸದು ತರುವಾಗ 105 ಡಿಗ್ರಿಯ ಲೋ ಇಎಸ್‌ಆರ್ ಎಂದೇ ಕೇಳಿ. ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ನಲ್ಲಿ ಹುಡುಕಬಹುದು. 16 ವೋಲ್ಟ್ ಬದಲು 25 ನಡೆಯುತ್ತದೆ, ಹಿಡಿಸುವಷ್ಟು ಜಾಗ ಇದ್ದರೆ ಸಾಕು. ಪಟ್ಟೆ ಇರುವ ಕಾಲು ಮೈನಸ್. ಹಾಕುವ ಮೊದಲು ಹೊಸದನ್ನೂ ಇದೇ ರೀತಿ ಸ್ಕೋಪ್‌ಗೆ ತೋರಿಸಿ.