ಮನೆ ಹರಾಜು ನಿಲ್ಲಿಸಿದ ಗವರ್ನರ್ ಫ್ಲಾಯ್ಡ್ ಓಲ್ಸನ್

1930ರ ದಶಕದ ಶುರುವಲ್ಲಿ ಅಮೆರಿಕದ ಹಳ್ಳಿ ಕಡೆ ಸಾಲ ಕಟ್ಟೋಕಾಗದ ರೈತನ ಆಸ್ತಿ ಹರಾಜಿಗೆ ಬಂತು ಅಂದ್ರೆ ಸುತ್ತಮುತ್ತಲಿನ ರೈತ್ರೆಲ್ಲ ಗುಂಪಾಗಿ ಬಂದು ನಿಂತ್ಕೋತಿದ್ರು, ಹೊರಗಿನೋರು ಬಾಯಿ ಬಿಡೋ ಹಾಗಿಲ್ಲ, ಇವ್ರೇ ನಾಕೈದು ಸೆಂಟಿಗೆ ಬಿಡ್ ಕೂಗಿ ದನ ಕರು ಎಲ್ಲ ತಗೊಂಡು ಅದೇ ರೈತನ ಕೈಗೆ ವಾಪಸ್ ಕೊಡ್ತಿದ್ರು. ಪೆನ್ನಿ ಆಕ್ಷನ್ ಅಂತಿದ್ರು ಇದಕ್ಕೆ.

ಆ ಟೈಮಲ್ಲಿ ಮಿನ್ನೆಸೋಟಾ ರಾಜ್ಯದ ಗವರ್ನರ್ ಆಗಿದ್ದೋನು ಫ್ಲಾಯ್ಡ್ ಓಲ್ಸನ್, ಫಾರ್ಮರ್-ಲೇಬರ್ ಪಾರ್ಟಿಯಿಂದ ಗೆದ್ದ ಮೊದಲ ಗವರ್ನರ್. (ಅಲ್ಲಿ ಗವರ್ನರ್ ಅಂದ್ರೆ ದಿಲ್ಲಿಯಿಂದ ಕಳಿಸೋ ನಮ್ಮ ರಾಜ್ಯಪಾಲರ ಥರ ಅಲ್ಲ, ಜನ ಓಟು ಹಾಕಿ ಗೆಲ್ಲಿಸ್ಬೇಕು, ಕೆಲಸ ನಮ್ಮ ಸಿಎಂದು.) 1891ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದ್ದು, ಅಪ್ಪ ನಾರ್ವೆಯವ್ನು ಅಮ್ಮ ಸ್ವೀಡನ್ನವ್ಳು, ಅಕ್ಕಪಕ್ಕ ಯಹೂದಿಗಳ ಮನೆ ಇದ್ದಿದ್ರಿಂದ ಯಿಡ್ಡಿಷ್ ಭಾಷೆನೂ ಬರ್ತಿತ್ತು. ಸಿಯಾಟಲ್ ಬಂದರಲ್ಲಿ ಹಡಗಿನ ಮೂಟೆ ಹೊತ್ತು, ಆಮೇಲೆ ಲಾ ಓದಿ, ಕೌಂಟಿಯ (ನಮ್ಮ ಜಿಲ್ಲೆ ಥರ) ಸರ್ಕಾರಿ ವಕೀಲನಾಗಿ, ಬಿಳಿಯರೇ ಮೇಲು ಅನ್ನೋ ಕು ಕ್ಲಕ್ಸ್ ಕ್ಲಾನ್ ಗುಂಪಿನ ಲೀಡರ್‌ಗಳ ಮೇಲೇ ಕೇಸ್ ನಡೆಸ್ದೋನು. 1924ರಲ್ಲಿ ಗವರ್ನರ್ ಎಲೆಕ್ಷನ್ ಸೋತ, 1930ರಲ್ಲಿ ಗೆದ್ದ.

1933ರ ಫೆಬ್ರವರಿಯಲ್ಲಿ ಹರಾಜು ನಿಲ್ಲಿಸಿ ಅಂತ ಆರ್ಡರ್ ಹೊರಡಿಸ್ಬಿಟ್ಟ. ಗವರ್ನರ್‌ಗೆ ಅಂಥ ಪವರ್ ಇದ್ಯಾ ಅನ್ನೋದು ಡೌಟೇ, ಆದ್ರೆ ಏಪ್ರಿಲ್ ಹೊತ್ತಿಗೆ ಶಾಸನಸಭೆ ಕಾನೂನೇ ಮಾಡ್ತು. ಸಾಲ ಮನ್ನಾ ಏನಲ್ಲ ಅದು. ಹರಾಜಾದ ಆಸ್ತಿನ ದುಡ್ಡು ಕಟ್ಟಿ ಬಿಡಿಸ್ಕೊಳ್ಳೋಕೆ ಮೊದಲೇ ಇದ್ದ ಗಡುವನ್ನ ಕೋರ್ಟು 1935ರ ಮೇ 1ರ ತನಕ ಮುಂದಕ್ಕೆ ಹಾಕ್ಬಹುದು, ಅಲ್ಲೀತನಕ ಮನೆಯವ್ರು ನ್ಯಾಯವಾದ ಬಾಡಿಗೆ ಕಟ್ತಿರ್ಬೇಕು, ಅಷ್ಟೇ. ಸುಪ್ರೀಂ ಕೋರ್ಟಿಗೆ ಹೋದ ಬ್ಲೈಸ್‌ಡೆಲ್ ಕೇಸ್ ನೋಡಿ: ಹದಿನಾಲ್ಕು ರೂಮಿನ ಮನೆ, ದಂಪತಿ ಮೂರು ರೂಮಲ್ಲಿದ್ದು ಉಳಿದಿದ್ದನ್ನ ಬಾಡಿಗೆಗೆ ಕೊಡೋರು, ಕೆಳಗಿನ ಕೋರ್ಟು ತಿಂಗಳಿಗೆ 40 ಡಾಲರ್ ಕಟ್ಟಿ ಅಂತು. ಮಾಡ್ಕೊಂಡ ಕರಾರನ್ನ ರಾಜ್ಯಗಳು ದುರ್ಬಲ ಮಾಡೋ ಹಾಗಿಲ್ಲ ಅಂತ ಸಂವಿಧಾನದಲ್ಲೇ ಇದ್ರೂ 1934ರ ಜನವರಿಯಲ್ಲಿ ಸುಪ್ರೀಂ ಕೋರ್ಟಲ್ಲಿ 5-4ರಲ್ಲಿ ಕಾನೂನು ಉಳ್ಕೊಂತು, ಒಬ್ಬ ಜಡ್ಜ್ ಆಚೆ ವಾಲಿದ್ರೆ ಮುಗೀತಿತ್ತು.

ಅದೇ ವರ್ಷ ಮಿನಿಯಾಪೊಲಿಸ್‌ನಲ್ಲಿ ಟ್ರಕ್ ಡ್ರೈವರ್‌ಗಳ ಸ್ಟ್ರೈಕು. ಜುಲೈ 20ಕ್ಕೆ ಪೊಲೀಸ್ರು ಗುಂಡು ಹಾರಿಸಿದ್ರು, ಇಬ್ಬರು ಸತ್ರು, 60ಕ್ಕೂ ಹೆಚ್ಚು ಜನಕ್ಕೆ ಗಾಯ. 'ನಾನು ಲಿಬರಲ್ ಅಲ್ಲ, ರ್‍ಯಾಡಿಕಲ್' ಅಂತ ಪಾರ್ಟಿ ಸಮಾವೇಶದಲ್ಲಿ ಹೇಳ್ಕೊಂಡಿದ್ದ ಈತ ಮಾರ್ಷಲ್ ಲಾ (ಸೇನಾ ಆಡಳಿತ) ಹೇರಿ, ರಾಜ್ಯದ ಸೇನಾಪಡೆ ನ್ಯಾಷನಲ್ ಗಾರ್ಡ್ ಕಳಿಸಿ ಯೂನಿಯನ್ ಆಫೀಸ್ ಮೇಲೇ ರೇಡ್ ಮಾಡಿಸಿ ಲೀಡರ್‌ಗಳನ್ನ ಒಳಗೆ ಹಾಕಿಸ್ದ! ಕಾರ್ಮಿಕರು ಕೆರಳಿದ್ಮೇಲೆ ಅವ್ರನ್ನ ಬಿಟ್ಟು, ಮಾಲೀಕರ ಪರ ಇದ್ದ ಸಿಟಿಜನ್ಸ್ ಅಲಯನ್ಸ್ ಆಫೀಸ್ ಮೇಲೂ ರೇಡ್. ಇಬ್ಬರ ಹತ್ರನೂ ಬೈಸ್ಕೊಂಡ, ಆದ್ರೆ ಆಗಸ್ಟಲ್ಲಿ ಆದ ಒಪ್ಪಂದ ಹೆಚ್ಚುಕಮ್ಮಿ ಯೂನಿಯನ್ ಕೇಳಿದ ಹಾಗೇ ಇತ್ತು. ನನ್ನ ಪ್ರಕಾರ ಈತನ ಮಾತು ಎಷ್ಟು ಬಿಸಿ ಇತ್ತೋ ಕೈ ಅಷ್ಟೇ ಲೆಕ್ಕಾಚಾರದ್ದು.

ಸೆನೆಟ್‌ಗೆ ನಿಂತಿದ್ದಾಗ್ಲೇ 1936ರ ಆಗಸ್ಟ್ 22ಕ್ಕೆ ಕ್ಯಾನ್ಸರ್‌ನಿಂದ ತೀರ್ಕೊಂಡ, ವಯಸ್ಸು ಬರೀ 44. ಎರಡೇ ವರ್ಷಕ್ಕೆ ಗವರ್ನರ್ ಕುರ್ಚಿ ರಿಪಬ್ಲಿಕನ್ನರ ಪಾಲಾಯ್ತು, 1944ರಲ್ಲಿ ಈತನ ಫಾರ್ಮರ್-ಲೇಬರ್ ಪಾರ್ಟಿ ಡೆಮಾಕ್ರಟಿಕ್ ಪಾರ್ಟಿ ಜೊತೆ ಸೇರ್ಕೊಂತು. 2024ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ರಲ್ಲ ಟಿಮ್ ವಾಲ್ಜ್, ಅವ್ರು ಈ ಸೇರ್ಪಡೆಯಿಂದ ಹುಟ್ಟಿದ ಡೆಮಾಕ್ರಟಿಕ್-ಫಾರ್ಮರ್-ಲೇಬರ್ ಪಾರ್ಟಿಯವ್ರೇ.