ಎರಡೂವರೆ ಡಾಲರಿನಿಂದ ಶುರುವಾದ ಲೆಕ್ಕ

ಚಟ ಬಿಟ್ಟವರಿಗೆ ದುಡ್ಡು ಕೊಡುತ್ತಾರೆ ಎಂದರೆ ಯಾರ ಬಾಯಲ್ಲೂ ಮೊದಲು ಬರುವ ಮಾತು ‘ಲಂಚ’. ಅಮೆರಿಕದಲ್ಲಿ ಮಾದಕ ವ್ಯಸನದ ಈ ಚಿಕಿತ್ಸೆಗೆ (‘ಕಂಟಿಂಜೆನ್ಸಿ ಮ್ಯಾನೇಜ್‌ಮೆಂಟ್’) ಮೂವತ್ತು ವರ್ಷ ಅಡ್ಡಗಾಲು ಹಾಕಿದ್ದೂ ಇದೇ ಮಾತು.

ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮ್ಯಾಕ್ಸಿನ್ ಸ್ಟಿಟ್ಜರ್ ಮುಂಚೆಯೇ ಒಂದು ದಾರಿ ತೋರಿಸಿದ್ದರು. ಹೆರಾಯಿನ್ ಚಟಕ್ಕೆ ಕೊಡುವ ಬದಲಿ ಮದ್ದಾದ ಮೆಥಡೋನ್‌ಗಾಗಿ ದಿನಾ ಕ್ಲಿನಿಕ್ಕಿಗೆ ಅಲೆಯುವವರು ಮೂತ್ರ ಪರೀಕ್ಷೆಯಲ್ಲಿ ಪಾಸಾದರೆ ಡೋಸನ್ನು ಮನೆಗೇ ಒಯ್ಯಬಹುದಿತ್ತು. ಕೊಕೇನಿಗೆ ಅಂಥ ಮದ್ದು ಇರಲಿಲ್ಲ. ಹಾಗಾಗಿ 1990ರ ದಶಕದ ಶುರುವಿನಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗ್ಗಿನ್ಸ್ ವೋಚರ್ ಪದ್ಧತಿ ತಂದರು.

ಕೊಕೇನಿನ ಕುರುಹು ಮೂತ್ರದಲ್ಲಿ ಎರಡು-ಮೂರು ದಿನ ಉಳಿಯುತ್ತದೆ. ವಾರಕ್ಕೆ ಮೂರು ಸಲ ಪರೀಕ್ಷಿಸಿದರೆ ನಡುವೆ ಸೇದಿ ಜಾರಿಕೊಳ್ಳುವುದು ಕಷ್ಟ. ಮೊದಲ ನೆಗೆಟಿವ್‌ಗೆ 2.50 ಡಾಲರ್, ಆಮೇಲೆ ಪ್ರತಿ ಸಲವೂ 1.25 ಏರಿಕೆ, ಸತತ ಮೂರಾದಾಗಲೆಲ್ಲ 10 ಡಾಲರ್ ಬೋನಸ್. ಹನ್ನೆರಡು ವಾರ ತಪ್ಪದೆ ನಡೆದರೆ ಕೊನೆಯ, ಅಂದರೆ 36ನೇ ಪರೀಕ್ಷೆಗೆ 46.25, ಒಟ್ಟು 997.50. ಒಮ್ಮೆ ಪಾಸಿಟಿವ್ ಬಂದರೆ, ಅಥವಾ ಬರುವುದನ್ನೇ ತಪ್ಪಿಸಿದರೆ, ಮತ್ತೆ 2.50ಕ್ಕೆ. ಆದರೆ ಆಮೇಲೆ ಸತತ ಐದು ನೆಗೆಟಿವ್ ಕೊಟ್ಟರೆ ಜಾರಿದ ಮೆಟ್ಟಿಲಿಗೇ ವಾಪಸ್. ಇಡೀ ಪದ್ಧತಿಯ ಜಾಣತನ ಇರುವುದು ಇಲ್ಲಿ: ಇದಿಲ್ಲದಿದ್ದರೆ ಹನ್ನೊಂದನೇ ವಾರ ಎಡವಿದವನು ಕ್ಲಿನಿಕ್ಕಿನ ಕಡೆ ತಲೆ ಹಾಕುವುದಿಲ್ಲ. ನಗದು ಕೈಗೆ ಸಿಗುತ್ತಿರಲಿಲ್ಲ. ಮೀನು ಹಿಡಿಯುವ ಲೈಸೆನ್ಸೋ ಸೈಕಲ್ ಸಾಮಾನೋ, ಕೇಳಿದ್ದನ್ನು ಸಿಬ್ಬಂದಿಯೇ ಕೊಂಡು ತರುತ್ತಿದ್ದರು.

1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೋಚರ್ ಸಿಕ್ಕವರಲ್ಲಿ ಶೇ. 75ರಷ್ಟು ಜನ 24 ವಾರದ ಚಿಕಿತ್ಸೆ ಮುಗಿಸಿದರು. ಅದೇ ಸಮಾಲೋಚನೆ ಪಡೆದೂ ವೋಚರ್ ಇಲ್ಲದವರಲ್ಲಿ ಶೇ. 40.

ಸಾಮಾನ್ಯ ಕ್ಲಿನಿಕ್ಕಿಗೆ ಇಷ್ಟು ಹಣ ಎಲ್ಲಿಂದ? ಕನೆಕ್ಟಿಕಟ್‌ನ ನ್ಯಾನ್ಸಿ ಪೆಟ್ರಿ ಚೀಟಿ ಎತ್ತಿಸಿದರು. ಗಾಜಿನ ಬೋಗುಣಿಯಲ್ಲಿ 500 ಚೀಟಿ: 250ರಲ್ಲಿ ಬರೀ ‘ಶಹಬ್ಬಾಸ್’, 209ರಲ್ಲಿ ಒಂದು ಡಾಲರಿನ ಬಹುಮಾನ, 40ರಲ್ಲಿ ಇಪ್ಪತ್ತರದು, ಒಂದೇ ಒಂದರಲ್ಲಿ ನೂರರದು. ಒಂದು ಚೀಟಿಗೆ ಸರಾಸರಿ ಖರ್ಚು 2.22 ಡಾಲರ್. ಏರಿಕೆ ಇಲ್ಲೂ ಇದೆ, ಮೊತ್ತದಲ್ಲಲ್ಲ, ಎತ್ತುವ ಚೀಟಿಗಳ ಸಂಖ್ಯೆಯಲ್ಲಿ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ತಡ. ಮಾದರಿ ಲ್ಯಾಬಿಗೆ ಹೋಗಿ ನಾಲ್ಕು ದಿನಕ್ಕೆ ಫಲಿತಾಂಶ ಬಂದರೆ ಬಹುಮಾನಕ್ಕೂ ನಡತೆಗೂ ಕೊಂಡಿ ಕಳಚುತ್ತದೆ; ನಿಮಿಷಗಳಲ್ಲಿ ಉತ್ತರ ಹೇಳುವ ಪರೀಕ್ಷೆಯ ಪಟ್ಟಿ (ಸ್ಟ್ರಿಪ್) ಎದುರಿಗೇ ಇರಬೇಕು. ಮದ್ಯದ ವಿಷಯದಲ್ಲಿ ತೊಡಕು ಬೇರೆ: ಉಸಿರಿನ ಪರೀಕ್ಷೆಗೆ ಕೆಲವೇ ಗಂಟೆ ಹಿಂದಿನದಷ್ಟೇ ಗೊತ್ತಾಗುತ್ತದೆ.

ಎರಡನೆಯದು ಜಿಪುಣತನ. ದುರುಪಯೋಗದ ಭಯಕ್ಕೆ ಅಮೆರಿಕದ ಒಕ್ಕೂಟ ಸರ್ಕಾರದ ಅನುದಾನಗಳಲ್ಲಿ ರೋಗಿಯೊಬ್ಬರಿಗೆ 75 ಡಾಲರ್ ಮಿತಿ ವರ್ಷಗಟ್ಟಲೆ ಇತ್ತು. ಹಿಗ್ಗಿನ್ಸ್ ದರದಲ್ಲಿ ಅದು ಎಂಟನೇ ಪರೀಕ್ಷೆಗೇ ಖಾಲಿ, ಮೂರನೇ ವಾರ ಮುಗಿಯುವ ಮೊದಲೇ. ಮಾಜಿ ಸೈನಿಕರ ಆಸ್ಪತ್ರೆಗಳು ಮಾತ್ರ 2011ರಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ಹರಡಿದವು.

2023ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಮೆಡಿಕೈಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ಯೋಜನೆಯಡಿ ಇದನ್ನು ಶುರುಮಾಡಿತು: 24 ವಾರ, ಮೊದಲ ಹನ್ನೆರಡರಲ್ಲಿ ವಾರಕ್ಕೆ ಎರಡು ಪರೀಕ್ಷೆ, ಆಮೇಲೆ ಒಂದು, ವರ್ಷಕ್ಕೆ ಹೆಚ್ಚೆಂದರೆ 599 ಡಾಲರ್. 600 ಮುಟ್ಟಿದರೆ ತೆರಿಗೆ ಇಲಾಖೆಗೆ ಲೆಕ್ಕ ಒಪ್ಪಿಸಬೇಕಿತ್ತು.